ವಿಲ್ಮಾರ್ ಬಗ್ಗುವುದಿಲ್ಲ

ಮೊಂಟೆವಿಡಿಯೊದ ನಮ್ಮ ಓಣಿಯಲ್ಲಿ ಕೂದಲು ಉದುರುವ ಗಂಡಸರು ಬೇಕಾದಷ್ಟಿದ್ದಾರೆ, ಆದರೆ ಪಕ್ಕದ ಮನೆಯ ವಿಲ್ಮಾರನಷ್ಟು ಯೋಚಿಸುವವರಿಲ್ಲ. ಹೆಂಡತಿ ನಿಡಿಯಾ ಸೋರೆಬುರುಡೆಗೆ ತುಂಬಿಕೊಟ್ಟ ಯೆರ್ಬಾ ಎಲೆಯ ಕಷಾಯ ಹೀರುತ್ತಾ ಅವನು ದಿನಾ ಬೆಳಿಗ್ಗೆ, ಕೂದಲಿಗೆಂದು ಡಾಕ್ಟರು ಕೊಟ್ಟ ಮಾತ್ರೆಯ ಚೀಟಿ ಓದುತ್ತಾನೆ. ನುಂಗಿದರೆ ಕೂದಲು ನಿಲ್ಲಬಹುದು, ಹಾಸಿಗೆಯ ಆಸೆ ಕುಗ್ಗಬಹುದು. “ಹೊಸ ಔಷಧಿ ಬರ್ತಾ ಇದೆಯಂತೆ, ಇನ್ನೊಂದು ವರ್ಷ ನೋಡೋಣ” ಎಂದು ಮಾತ್ರೆಗಳನ್ನು ಸಕ್ಕರೆ ಡಬ್ಬಿಯ ಹಿಂದಿಡುತ್ತಾನೆ. ಹೀಗೇ ಆರು ವರ್ಷವಾಯಿತು. ಹೊಸ ಔಷಧಿ ಬರುವತನಕ ನೆತ್ತಿ ಯಾರಿಗೂ ಕಾಣಬಾರದೆಂದು ಅವನು ಬಗ್ಗುವುದೇ ಇಲ್ಲ. ಕೆಳಗೆ ಬಿದ್ದ ಚಮಚಕ್ಕೂ, ನೆಲ ಒರೆಸುವುದಕ್ಕೂ, ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಅವನದೇ ಕೂದಲಿಗೂ ನಿಡಿಯಾಳೇ ಬಗ್ಗಬೇಕು. ಹೋದ ವಾರ ಅವಳ ಸೊಂಟ ಹಿಡಿದುಕೊಂಡಿತು. ಡಾಕ್ಟರ ಹತ್ತಿರ ಹೊರಟವಳಿಗೆ ಬೂಟಿನ ದಾರ ಕಟ್ಟಿಕೊಳ್ಳಲಾಗಲಿಲ್ಲ. ನಾನು ಅವರ ಮನೆ ಬಾಗಿಲಲ್ಲೇ ನಿಂತಿದ್ದೆ. ಆದರೂ ವಿಲ್ಮಾರ್ ಮೊಣಕಾಲೂರಿ, ತಲೆ ತಗ್ಗಿಸಿ, ಗಂಟು ಹಾಕಿದ. ನಿಡಿಯಾ ಅವನ ಬರಿ ನೆತ್ತಿಯ ಮೇಲೆ ಅಂಗೈಯಿಟ್ಟಳು. “ಮಧ್ಯಾಹ್ನ ನೀನು ಮಲಗಿದಾಗೆಲ್ಲ ಇದನ್ನ ನೋಡಿದೀನಿ ಮಾರಾಯ. ಚೆನ್ನಾಗೇ ಇದೆ.” ಆರು ವರ್ಷ ಹಿಡಿದಿಟ್ಟಿದ್ದ ಉಸಿರನ್ನು ಅವನು ಬಿಟ್ಟ. “ಮೊದಲೇ ಹೇಳಬಾರದಿತ್ತಾ?” “ನೀನು ಕೇಳಿದ್ದು ಡಾಕ್ಟರನ್ನ, ನನ್ನನ್ನಲ್ಲ. ಈಗ ಹೇಗೂ ಬಗ್ಗೋದು ಕಲಿತೆಯಲ್ಲ, ಬಂದಮೇಲೆ ಬಚ್ಚಲ ಜಾಲರಿ ನಿಂದು.”