ಹತ್ತು ಮೊನೆಯ ನಕ್ಷತ್ರ

ಸ್ಟ್ರೀಟ್ಸ್‌ವಿಲ್ಲಿನ ಕ್ವೀನ್ ಸ್ಟ್ರೀಟಿನಿಂದ ಎರಡು ತಿರುವು ಒಳಗೆ ಹೋದರೆ ಜಯಶೀಲಾ ಅವರ ಮನೆ. ಊಟದ ಕೋಣೆಯ ಗೋಡೆಯಲ್ಲಿ ಅವರ ದೇವರ ಗೂಡು. ಅದಕ್ಕೊಂದು ಬಾಗಿಲು ಆಗಬೇಕೆಂಬ ಮಾತು ಗಂಡ ರಾಮಮೂರ್ತಿ ರಿಟೈರ್ ಆದ ವರ್ಷ, ಅಂದರೆ ೨೦೦೮ರಲ್ಲೇ ಹುಟ್ಟಿತ್ತು. ಸೇತುವೆಗಳ ಲೆಕ್ಕ ಹಾಕುತ್ತಲೇ ಕೂದಲು ನರೆಸಿಕೊಂಡ ಇಂಜಿನಿಯರು ಅವರು. ಅಂಗಡಿಯಿಂದ ಬಾಗಿಲು ತಂದು ಸಿಕ್ಕಿಸಿ ಸುಮ್ಮನಾಗುವ ಪೈಕಿ ಅಲ್ಲ.

ಒಳ್ಳೆಯ ಮರ ಹುಡುಕಿಕೊಂಡು ಹತ್ತಿರದ ವಾನ್ ಎಂಬ ಊರಿಗೆ ಹೋದಾಗ, ಗೋದಾಮುಗಳ ಸಾಲಿನ ಕೊನೆಯಲ್ಲಿ ಹಿಕ್ಮೆತ್ ಎಂಬ ಟರ್ಕಿಯ ಬಡಗಿಯ ಕೆಲಸದ ಮನೆ ಕಣ್ಣಿಗೆ ಬಿತ್ತು. ಅಲ್ಲಿ ಗೋಡೆಗೆ ಒಂದು ಬಾಗಿಲು ಒರಗಿತ್ತು. ನಡುವೆ ಹತ್ತು ಮೊನೆಯ ನಕ್ಷತ್ರ, ಸುತ್ತ ನಾನಾ ಆಕಾರದ ಪುಟ್ಟ ಹಲಗೆಗಳು, ಅವುಗಳ ನಡುನಡುವೆ ಪಟ್ಟಿಗಳು. ಹಲಗೆಗಳ ಅಂಚುಗಳು ಪಟ್ಟಿಗಳ ತೋಡಿನಲ್ಲಿ ಕೂತು ಒಂದನ್ನೊಂದು ಹಿಡಿದುಕೊಂಡಿವೆ, ಮೊಳೆಯಿಲ್ಲ, ಅಂಟಿಲ್ಲ. ಆಟೋಮನ್ನರ ಕಾಲದ ಮಸೀದಿ ಬಾಗಿಲುಗಳ ಕೆಲಸ ಅದು. ರಾಮಮೂರ್ತಿಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು. ಶನಿವಾರ ಬಂತೆಂದರೆ ಕೈವಾರ, ಸ್ಕೇಲು ಹಿಡಿದು ಶಾಲೆಯ ಹುಡುಗನ ಹಾಗೆ ಅವನ ಬಳಿ ಕಲಿಯಲು ಹೊರಡುತ್ತಿದ್ದರು. ಕನ್ನಡ ಸಂಘದ ಗೆಳೆಯರು ಬಿಡುತ್ತಾರೆಯೇ?

“ಏನಯ್ಯಾ ಮೂರ್ತಿ, ದೇವರ ಗೂಡಿಗೆ ಟರ್ಕಿ ಡೋರಾ?”

“ನಕ್ಷತ್ರಕ್ಕೂ ಪಾಸ್‌ಪೋರ್ಟ್ ಕೇಳ್ತೀಯೇನಯ್ಯಾ ನೀನು?” ಎಂದು ಇವರು ನಗುತ್ತಿದ್ದರು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ನಗು ತೆಳುವಾಯಿತು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು ಯಾರಿಗಿಲ್ಲ ಎಂದು ಜಯಶೀಲಾ ಮೊದಮೊದಲು ತಳ್ಳಿಹಾಕಿದರು. ಒಂದು ದಿನ ಪಕ್ಕದ ಬೀದಿಯ ಬ್ಯಾಂಕಿಗೆಂದು ಹೋದ ರಾಮಮೂರ್ತಿ ಒಂದು ಗಂಟೆ ದಾರಿಯಾಚೆ, ನ್ಯೂಮಾರ್ಕೆಟ್ ಊರಿನ ಯಾವುದೋ ಪಾರ್ಕಿಂಗ್ ಲಾಟಿನಲ್ಲಿ ಸಿಕ್ಕಿದರು. ಎಂಜಿನ್ ಆಫ್ ಮಾಡದೆ ಸ್ಟಿಯರಿಂಗ್ ಹಿಡಿದು ಕೂತಿದ್ದರಂತೆ. ಡಾಕ್ಟರು ಮರೆವಿನ ಕಾಯಿಲೆಯ ಹೆಸರು ಹೇಳಿದರು. ಮಗ ನೀಲ್ ಕಾರಿನ ಕೀ ತೆಗೆದುಕೊಂಡ. ವಾನ್‌ಗೆ ಹೋಗುವುದು ಅಲ್ಲಿಗೆ ನಿಂತಿತು. ರಾಮಮೂರ್ತಿ ಜಗಳವಾಡಲಿಲ್ಲ, ಬೇಸ್‌ಮೆಂಟಿನಲ್ಲೇ ಮೇಜು ಹಾಕಿಕೊಂಡು, ಬಾಗಿಲಿನ ತುಂಡುಗಳನ್ನು ಕೊಯ್ಯತೊಡಗಿದರು. ಕೆಳಗೆ ಗರಗಸದ ಸದ್ದು ಕೇಳಿದಾಗಲೆಲ್ಲ ಮೇಲೆ ಜಯಶೀಲಾ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದರು.

೨೦೧೧ರ ಫೆಬ್ರವರಿಯ ಒಂದು ಭಾನುವಾರ. ಮನೆ ಬೆಚ್ಚಗಿಡುವ ಫರ್ನೇಸು ಒಂದೇ ಸಮನೆ ಉರಿಯುತ್ತಿತ್ತು. ತಾಯಿ ಮಗ ಇಬ್ಬರೂ ಅಡಿಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ರಾಮಮೂರ್ತಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅಂಗೈಯಗಲದ ಒಂದು ಜೋಡಣೆ: ನಡುವೆ ಪುಟ್ಟ ಹಲಗೆ, ಸುತ್ತ ಪಟ್ಟಿಗಳು. ಅದನ್ನು ಹೆಂಡತಿಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗಿನ ತುಂಡು ಲೊಟಲೊಟ ಅಂದಿತು.

“ಜಯಾ, ಅಲ್ಲಾಡತ್ತೆ ನೋಡು! ಎಲ್ಲಾನೂ ಅಲ್ಲಾಡತ್ತೆ!” ಎಂದು ಬಾಯ್ತುಂಬ ನಕ್ಕರು.

ಜಯಶೀಲಾ ಕಾಫಿಯ ಲೋಟ ಕೆಳಗಿಟ್ಟರು. ಮೂವತ್ತು ವರ್ಷ ಸೇತುವೆ ನಿಲ್ಲಿಸಿದ ಮನುಷ್ಯ, ತಾನು ಕೊಯ್ದದ್ದು ಸಡಿಲವಾಗಿದೆ ಎಂದು ನಗುತ್ತಿದ್ದಾನಲ್ಲ! ನೀಲ್ ಇಂಗ್ಲಿಷಿನಲ್ಲಿ ಮೆಲ್ಲಗೆ, “ಅಮ್ಮ, ಹಿ ವಿಲ್ ಕಟ್ ಹಿಸ್ ಫಿಂಗರ್ಸ್ ಆಫ್” ಅಂದ. ಜಯಶೀಲಾ ಹೌದೆಂದು ತಲೆಯಾಡಿಸಿದರು. ಆ ಸಂಜೆಯೇ ಮಗ ಬೇಸ್‌ಮೆಂಟಿನ ಬಾಗಿಲಿಗೆ ಹೊರಗಡೆಯಿಂದ ಹೊಸ ಚಿಲಕ ಜಡಿದು ಬೀಗ ಹಾಕಿದ. ಕೆಲವು ದಿನ ರಾಮಮೂರ್ತಿ ಆ ಬಾಗಿಲ ಮುಂದೆ ಬಂದು ನಿಂತು, ಚಿಲಕವನ್ನು ಬೆರಳಿನಿಂದ ಮುಟ್ಟಿ ನೋಡಿ ಹೋಗುತ್ತಿದ್ದರು. ಆಮೇಲೆ ಬರುವುದನ್ನೂ ಬಿಟ್ಟರು. ಮರುವರ್ಷ ಮಾರ್ಚಿನಲ್ಲಿ ನ್ಯುಮೋನಿಯಾ ಅವರನ್ನು ಕರೆದುಕೊಂಡು ಹೋಯಿತು.

ಕರ್ಮಾಂತರವೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಜಯಶೀಲಾ ಬೀಗ ಬಿಚ್ಚಿ, ಚಿಲಕ ತೆಗೆದು ಕೆಳಗಿಳಿದರು. ಹಳೆಯ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಡುಗಳು ಹಾಗೇ ಇದ್ದವು. ಅವರನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ: ನಾವು ಬಾಗಿಲು ಹಾಕಿದಾಗ ಅವರು ನಿಜಕ್ಕೂ ಮರೆವಿನಲ್ಲಿ ಅಷ್ಟು ದೂರ ಹೋಗಿದ್ದರೇ? ಹೋಗಿದ್ದರೆ ಮಾಡಿದ್ದು ಸರಿ. ಹೋಗಿರದಿದ್ದರೆ? ಡಾಕ್ಟರು, ಮಗ, ನೆಂಟರು ಎಲ್ಲರೂ ಆ ಮನುಷ್ಯನ ಬಗ್ಗೆ ತೀರ್ಪು ಕೊಟ್ಟಾಗಿತ್ತು. ಈಗ ಯಾರನ್ನೂ ಕೇಳುವ ಮನಸ್ಸಿರಲಿಲ್ಲ. ತುಂಡುಗಳು ಒಂದಕ್ಕೊಂದು ಕೂಡುತ್ತವೆಯೋ ಇಲ್ಲವೋ ತಾವೇ ಕಣ್ಣಾರೆ ನೋಡಬೇಕು, ಅಷ್ಟೇ.

ಕಂದು ಕಾಗದ ಹಾಸಿದರು. ನಕ್ಷೆ ಎಂದರೆ ಅವರಿಗೆ ಗೊತ್ತಿದ್ದದ್ದು ರಂಗೋಲಿ. ಮೈಸೂರಿನ ಅಂಗಳದಲ್ಲಿ ಕಲಿತ ಕೈ ತಾನಾಗಿಯೇ ಚುಕ್ಕಿ ಇಟ್ಟಿತು. ಸಾಲಿಗೆ ಸಾಲು ನೇರ ಚುಕ್ಕಿ ಇಟ್ಟು ತುಂಡುಗಳನ್ನು ಕೂರಿಸಿದರು. ಎಂಟು ಮೊನೆಗೆ ಜಾಗ ಸಿಕ್ಕಿತು, ಎರಡು ಹೊರಗೆ ಉಳಿದವು. ಅದನ್ನು ಅಳಿಸಿ, ಎರಡು ಚುಕ್ಕಿಯ ನಡುವೆ ಒಂದು ಬರುವಂತೆ ಇಟ್ಟರು. ಆರು ಮೊನೆಗೆ ಜಾಗ ಸಿಕ್ಕಿತು. ಹತ್ತಂತೂ ಯಾವ ಚುಕ್ಕಿಗೂ ಬಗ್ಗಲಿಲ್ಲ. ವಾರಗಟ್ಟಲೆ ಹೆಣಗಿ, ಕೊನೆಗೆ ಕೈಚೆಲ್ಲಿ ಕೂತರು. ಲೆಕ್ಕವೇ ತಪ್ಪಿಹೋಗಿತ್ತು ಪಾಪ ಅವರಿಗೆ, ಎಂದುಕೊಂಡರು. ಅಂದುಕೊಂಡರೆ ಸಮಾಧಾನ ಸಿಗಬೇಕಿತ್ತು, ಸಿಗಲಿಲ್ಲ.

ಗಂಡ ಎರವಲು ತಂದಿದ್ದ ಉಳಿಯೊಂದನ್ನು ಹಿಂದಿರುಗಿಸಲು ವಾನ್‌ಗೆ ಹೋದದ್ದು ಆ ದಿನಗಳಲ್ಲೇ. ತುಂಡುಗಳ ಡಬ್ಬಿಯನ್ನೂ ಕಾರಿನ ಡಿಕ್ಕಿಯಲ್ಲಿ ಒಯ್ದಿದ್ದರು, ಹೊರಗೆ ತೆಗೆಯುವ ಧೈರ್ಯವಾಗಲಿಲ್ಲ. ಹಿಕ್ಮೆತ್ ಚಹಾ ಕೊಟ್ಟು, ಅವರ ಭಾಷೆಯಲ್ಲಿ ಅಕ್ಕ ಎನ್ನುವಂತೆ “ಅಬ್ಲಾ” ಎಂದು ಕರೆದು ಕೂರಿಸಿದ. ಹತ್ತು ಮೊನೆಗೆ ಎಷ್ಟು ಚುಕ್ಕಿ ಇಡಬೇಕು ಎಂದು ಇವರು ಕೇಳಿದಾಗ ಅವನಿಗೆ ಅರ್ಥವೇ ಆಗಲಿಲ್ಲ. ಕಾಗದದ ಮೇಲೆ ಚುಕ್ಕಿ ಇಟ್ಟು ತೋರಿಸಿದರು. ಅವನು ನಗಲಿಲ್ಲ. ಆ ಸಾಲುಗಳನ್ನೇ ಬಹಳ ಹೊತ್ತು ನೋಡಿ, ಇದು ಚೆಂದವಾಗಿದೆ, ಆದರೆ ಈ ನಕ್ಷತ್ರ ಇದರೊಳಗೆ ಹುಟ್ಟುವುದಿಲ್ಲ ಅಬ್ಲಾ, ಅದು ವೃತ್ತದಲ್ಲಿ ಹುಟ್ಟುವಂಥದ್ದು ಎಂದ. ಮುಂದಿನ ಶನಿವಾರದಿಂದ ಜಯಶೀಲಾ ಗಂಡ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತರು.

ಸುಲಭಕ್ಕೆ ಬರುವ ವಿದ್ಯೆಯಲ್ಲ. ಕೈವಾರವನ್ನು ತ್ರಿಜ್ಯದಷ್ಟೇ ಅಗಲಿಸಿ ವೃತ್ತದ ಸುತ್ತ ನಡೆಸಿದರೆ ಬರುವುದು ಆರೇ ಭಾಗ. ಹತ್ತು ಬೇಕೆಂದರೆ ತ್ರಿಜ್ಯವನ್ನು ಅರ್ಧ ಮಾಡಿ, ಆ ನಡುಬಿಂದುವಿನಿಂದ ಇನ್ನೊಂದು ಕಂಸ ಎಳೆದು, ಮೊದಲು ಐದು ಮಾಡಿ ಆಮೇಲೆ ಹತ್ತು ಮಾಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಕೊನೆಯ ಗೆರೆ ಮೊದಲನೆಯದನ್ನು ಮುಟ್ಟುವುದಿಲ್ಲ. ಎಲ್ಲ ಮುಗಿದ ಮೇಲೆ ವೃತ್ತಗಳನ್ನೇ ಅಳಿಸಿಬಿಡಬೇಕು! ರಂಗೋಲಿಯಲ್ಲಿ ಚುಕ್ಕಿಯಾದರೂ ಉಳಿಯುತ್ತದೆ. ಇಲ್ಲಿ ನಕ್ಷತ್ರವನ್ನು ಹೊತ್ತು ನಿಲ್ಲಿಸಿದವರ ಗುರುತೇ ಇರುವುದಿಲ್ಲ. ಜಯಶೀಲಾಗೆ ಇದರ ಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕಲಿತರು. ಮಂಜು ಬಂತು, ಹೋಯಿತು. ೨೦೧೩ರ ಏಪ್ರಿಲಿನಲ್ಲಿ ಒಂದು ದಿನ ಕೊನೆಯ ಗೆರೆ ಮೊದಲನೆಯದರ ಮೇಲೆ ಬಂದು ಕೂತಿತು.

ಅವರು ಹೊರಗೆ ಹೋಗಿ ಡಿಕ್ಕಿಯಿಂದ ಡಬ್ಬಿ ತಂದರು. ತುಂಡುಗಳನ್ನು ಒಂದೊಂದಾಗಿ ನಕ್ಷೆಯ ಮೇಲೆ ಇಟ್ಟರು. ಪ್ರತಿಯೊಂದೂ ತನ್ನ ಮನೆಗೆ ಹೋಗಿ ಕೂತಿತು. ಕೋನಗಳು ಸರಿ, ಆಕಾರ ಸರಿ. ಆದರೆ ಪ್ರತಿ ಹಲಗೆಯೂ ಗೆರೆಗಿಂತ ತುಸು ಒಳಗೇ ನಿಂತಿತ್ತು. ಚಿಕ್ಕದಾಗಿಯೇ ಕೊಯ್ದಿದ್ದಾರೆ.

ಅಲ್ಲಿಗೇ ಬಿಡುವ ಹೆಂಗಸಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ ಆಯುಷ್ಯ ಕಳೆದವರು. ಕೈತಪ್ಪಿ ಆದದ್ದು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ ಎಂದು ಗೊತ್ತು. ಅಂದು ಅಲ್ಲಾಡಿಸಿ ತೋರಿಸಿದ ಆ ಜೋಡಣೆಯನ್ನು ಕೈಗೆ ತೆಗೆದುಕೊಂಡು ಹಲಗೆಯನ್ನು ಒಂದು ಬದಿಗೆ ಸರಿಸಿದರು. ಎದುರು ಬದಿಯಲ್ಲಿ ಸಂದು ತೆರೆಯಿತು. ಅಳೆಯಲು ತೆಳ್ಳಗಿನದೇನಾದರೂ ಬೇಕಿತ್ತು. ಪರ್ಸಿನಲ್ಲಿ ಕೈಗೆ ಸಿಕ್ಕಿದ್ದು ಗಂಡನ ಹೆಲ್ತ್ ಕಾರ್ಡು. ತೀರಿಕೊಂಡವರ ಕಾರ್ಡನ್ನು ಸರ್ಕಾರಕ್ಕೆ ವಾಪಸು ಕೊಡಬೇಕಿತ್ತು, ಮನಸ್ಸು ಬಂದಿರಲಿಲ್ಲ. ಕಾರ್ಡು ಆ ಸಂದಿನಲ್ಲಿ ಬಿಗಿಯಾಗಿ ಹೋಗಿ ನಿಂತಿತು. ಇನ್ನೊಂದು ತುಂಡನ್ನು ಪಟ್ಟಿಗೆ ಕೂರಿಸಿದರು, ಅಷ್ಟೇ ಸಂದು. ಮತ್ತೊಂದು, ಅಷ್ಟೇ. ಡಬ್ಬಿಯಲ್ಲಿದ್ದ ಅಷ್ಟೂ ತುಂಡಿಗೆ ಅದೇ ಒಂದು ಅಳತೆ.

ಹಿಕ್ಮೆತ್ ಪಕ್ಕದಲ್ಲಿ ಬಂದು ನಿಂತಿದ್ದ. ಯಾವ ತಿಂಗಳಲ್ಲಿ ಕೊಯ್ದದ್ದು ಎಂದು ಕೇಳಿದ. ಫೆಬ್ರವರಿ ಎಂದರು. ಅವನು ತಲೆದೂಗಿದ. ಫರ್ನೇಸಿನ ಕಾವಿಗೆ ಮರ ಒಣಗಿ ಸಣ್ಣಗಾಗಿರುತ್ತದೆ. ಜುಲೈನ ಸೆಕೆಗೆ ಮತ್ತೆ ಊದಿಕೊಳ್ಳುತ್ತದೆ. ಚಳಿಗಾಲದಲ್ಲಿ ಗೆರೆಗೆ ಸರಿಯಾಗಿ ಕೊಯ್ದರೆ ಬೇಸಿಗೆಯಲ್ಲಿ ಬಾಗಿಲು ಸೀಳಿಹೋಗುತ್ತದೆ. ಅದಕ್ಕೇ ಅಂಟು ಹಾಕುವುದಿಲ್ಲ, ಅದಕ್ಕೇ ಒಳಗೆ ಜಾಗ ಬಿಡುವುದು. ಕೈಯಲ್ಲಿ ಹಿಡಿದರೆ ಅಲ್ಲಾಡಬೇಕು ಎಂದು ಮೊದಲ ವರ್ಷವೇ ಹೇಳಿಕೊಟ್ಟಿದ್ದೆ, ಎಂದ ಹಿಕ್ಮೆತ್. ಎಲ್ಲರೂ ಇದನ್ನು ಮರೆಯುತ್ತಾರೆ ಅಬ್ಲಾ. ಅವರು ಮರೆತಿರಲಿಲ್ಲ.

ಜಯಶೀಲಾ ಆ ಸ್ಟೂಲಿನ ಮೇಲೆ ಕೂತು, ಮುಖಕ್ಕೆ ಸೆರಗಿಲ್ಲದ್ದಕ್ಕೆ ಕೋಟಿನ ತೋಳನ್ನೇ ಒತ್ತಿಕೊಂಡು ಅತ್ತರು. ಗಂಡ ಹೋದಾಗಲೂ ಅಷ್ಟು ಅತ್ತಿರಲಿಲ್ಲ. ಗೆದ್ದದ್ದನ್ನು ತೋರಿಸಲು ಮೆಟ್ಟಿಲು ಹತ್ತಿ ಬಂದವರ ಮುಂದೆ ತಾವೇ ಬಾಗಿಲು ಹಾಕಿದ್ದರು.

ಉಳಿದ ಕೆಲವು ತುಂಡುಗಳನ್ನು ಅವರೇ ಕೊಯ್ದರು, ಅದೇ ಕಾರ್ಡಿನ ಅಳತೆ ಇಟ್ಟುಕೊಂಡು. ಮುಂದಿನ ಚಳಿಗಾಲದ ಹೊತ್ತಿಗೆ ದೇವರ ಗೂಡಿಗೆ ಬಾಗಿಲು ಬಂತು. ಸಂಕ್ರಾಂತಿಗೆ ಬಂದ ನೀಲ್ ಅದನ್ನು ತೆರೆದು ಮುಚ್ಚಿ ನೋಡಿದ. ನಡುವಿನ ನಕ್ಷತ್ರ ಲೊಟಲೊಟ ಅಂದಿತು.

“ಅಮ್ಮ, ಇಟ್ಸ್ ಲೂಸ್. ಐ ಕ್ಯಾನ್ ಗ್ಲೂ ಇಟ್ ಫಾರ್ ಯೂ.”

“ಬೇಡ ಕಣೋ. ಬೇಸಿಗೇಲಿ ಸರಿ ಹೋಗತ್ತೆ. ಹಾಗೇ ಇರಬೇಕು ಅದು.” ನಕ್ಷತ್ರದ ಮೇಲೆ ಕೈಯಿಟ್ಟು ಹೇಳಿದರು, “ಅವತ್ತು ಅಪ್ಪ ಮೇಲೆ ಬಂದಿದ್ದು ಇದನ್ನ ತೋರಿಸೋಕೇ.”

ಉಳಿದದ್ದನ್ನೂ ಹೇಳಿದರು. ನೀಲ್ ಎಳ್ಳು ಬೆಲ್ಲದ ತಟ್ಟೆ ಮುಟ್ಟದೆ ಎದ್ದು, ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಬೇಸ್‌ಮೆಂಟಿನ ಬಾಗಿಲ ಬಳಿ ಮಂಡಿಯೂರಿ, ತಾನೇ ಹಾಕಿದ್ದ ಚಿಲಕವನ್ನು ಬಿಚ್ಚಿದ. ಬಾಗಿಲಲ್ಲಿ ಸ್ಕ್ರೂಗಳ ತೂತು ಉಳಿದವು. ಅವನ್ನು ಮುಚ್ಚಿ ಬಣ್ಣ ಬಳಿಯುತ್ತೇನೆಂದು ಅವನು ಎಷ್ಟು ಸಲ ಹೇಳಿದರೂ ಜಯಶೀಲಾ ಬಿಡಲಿಲ್ಲ.