ದೇವರ ಹಿಡಿ ಜೋಳ

ಈಗಷ್ಟೇ ಜೋಳದ ಡಬ್ಬಿಯ ಮುಚ್ಚಳ ತೆಗೆದೆ ನೋಡಿ, ಒಣ ಬೇವಿನೆಲೆಯ ವಾಸನೆಗೆ ಎದೆ ಧಸಕ್ಕೆಂದಿತು. ಜೋಳಕ್ಕೆ ಹೆದರುವ ಹೆಂಗಸನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನಂತೂ ಒಬ್ಬಳಿದ್ದೇನೆ.

ಮದುವೆಯಾಗಿ ಭಂಕೂರಿಗೆ ಬಂದಾಗ ಅತ್ತೆ ಮೊಟ್ಟಮೊದಲು ತೋರಿಸಿದ್ದು ಒಲೆ ಪಕ್ಕದ ಒಂದು ಗಡಿಗೆ. ದಿನಾ ರೊಟ್ಟಿಗೆ ಕೂರುವ ಮೊದಲು ದೇವರ ಹೆಸರಲ್ಲಿ ಅದಕ್ಕೆ ಒಂದು ಹಿಡಿ ಜೋಳ ಹಾಕಬೇಕು. ಭಾನುವಾರ ಚರ್ಚಿಗೆ ಒಯ್ದರೆ ಅದು ಇಲ್ಲದವರ ಮನೆ ಸೇರುತ್ತಿತ್ತು. ಎರಡು ಸೀರೆ, ಒಂದು ಬೈಬಲ್ಲು, ಈ ಗಡಿಗೆ. ಅತ್ತೆಯ ಆಸ್ತಿ ಅಷ್ಟೇ. ನನ್ನ ಹಿಡಿ ಮಾತ್ರ ದಿನದಿನಕ್ಕೆ ಚಿಕ್ಕದಾಗುತ್ತಾ ಹೋಯಿತು. ತಂಗಿಯನ್ನು ನೋಡಲು ಅತ್ತೆ ತೆಂಗಳಿಗೆ ಹೋದಾಗ ಹಾಕುವುದನ್ನೇ ಬಿಟ್ಟೆ. ನೋಡುವವರು ಯಾರಿದ್ದರು?

ಮೂರನೆಯ ದಿನ ಓಣಿಯಲ್ಲಿ ಕೂಗು ಬಿತ್ತು. "ಖಣ್ಯಾಗ ಕಲ್ಲು ಬಿದ್ದದಂತ, ಬರ್ರೀ!" ನನ್ನ ಗಂಡ ಬೆಳಿಗ್ಗೆ ಆ ಖಣಿಗೇ ಕಲ್ಲು ತೆಗೆಯಲು ಹೋಗಿದ್ದರು. ಹೆಂಗಸರೆಲ್ಲ ಓಡಿದರು. ನಾನು? ಒಲೆ ಮುಂದೆ ಕುಕ್ಕರಿಸಿ ಬೊಗಸೆ ಬೊಗಸೆ ಜೋಳ ಗಡಿಗೆಗೆ ಸುರಿಯುತ್ತಿದ್ದೆ. ತಗೋ ಸ್ವಾಮಿ, ಎಲ್ಲ ತಗೋ, ಅವರನ್ನು ಬಿಡು. ಅರ್ಧ ಜೋಳ ನೆಲದ ಪಾಲಾಯಿತು.

ಗಂಡ ನಡೆದೇ ಬಂದರು. ಕಾಲು ಜಜ್ಜಿಹೋದದ್ದು ಪಕ್ಕದ ಮನೆಯ ಶಾಂತಮ್ಮನ ಗಂಡನಿಗೆ. ನನಗೆ ಸಂತೋಷವಾಯಿತು, ಹೌದು. ಅದರ ಬೆನ್ನಿಗೇ ಇನ್ನೂ ದೊಡ್ಡ ಭಯ. ನನ್ನ ತಪ್ಪಿನ ಶಿಕ್ಷೆ ಬಾಗಿಲು ತಪ್ಪಿ ಅವಳ ಮನೆಗೆ ಹೋಯಿತೇ?

ಸುದ್ದಿ ಕೇಳಿ ಸಂಜೆಗೆ ಅತ್ತೆ ಬಂದರು. ಕಾಲು ಹಿಡಿದು ಎಲ್ಲ ಹೇಳಿದೆ.

"ಹುಚ್ಚಿ, ದೇವ್ರು ಜೋಳಕ್ಕ ಕಾಲು ಮುರೀತಾನೇನು? ಏಳು, ಆ ಗಡಿಗಿ ಶಾಂತಮ್ಮನ ಮನಿಗಿ ಕೊಟ್ಟು ಬಾ."

"ಅದು ಚರ್ಚಿಂದಲ್ಲೇನ್ರಿ ಅತ್ತಿ? ಐತಾರ ಒಯ್ಯಬೇಕು..."

"ಐತಾರತನಕ ಆಕಿ ಮಕ್ಳು ಉಪಾಸ ಇರಬೇಕೇನು?"

ಗಡಿಗೆ ಎತ್ತಿಕೊಂಡು ಹತ್ತು ಹೆಜ್ಜೆಯಾಚೆಯ ಶಾಂತಮ್ಮನ ಮನೆಗೆ ಹೋದೆ. ಅವಳ ಗಂಡನನ್ನು ಮೈದುನಂದಿರು ಕಲಬುರಗಿಯ ದವಾಖಾನೆಗೆ ಒಯ್ದಿದ್ದರು. ಶಾಂತಮ್ಮ ಮಕ್ಕಳನ್ನು ಕಟ್ಟಿಕೊಂಡು ಕೂತಿದ್ದಳು. ನನ್ನನ್ನು ಕಂಡು, "ನಿಮ್ಮವ್ರು ಉಳದ್ರಲ್ಲವ್ವ, ಭಾಳ ಛಲೋ ಆತು," ಅಂದಳು. ಕಣ್ಣೊರೆಸಿಕೊಂಡು ಜೋಳವನ್ನು ಮೊರಕ್ಕೆ ಸುರಿದುಕೊಂಡಳು. ಮೊದಲ ಹಿಡಿಯನ್ನು, ತುಂಬಿದ ಹಿಡಿಯನ್ನು, ತನ್ನ ಒಲೆ ಪಕ್ಕದ ಗಡಿಗೆಗೆ ಹಾಕಿದಳು. ನಾನು ಅವತ್ತು ದೇವರಿಗಿಂತ ಆ ಹೆಂಗಸಿಗೆ ಹೆದರಿದೆ.

ಭಯ ಹೋಗಿದೆ ಎಂದು ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ? ಈಗ ಮಗನೂ ಅದೇ ಖಣಿಗೆ ಹೋಗುತ್ತಾನೆ. ಓಣಿಯಲ್ಲಿ ಕೂಗು ಬಿದ್ದರೆ, ನಮ್ಮವನಲ್ಲ ತಾನೇ ಎಂದು ಮನಸ್ಸು ಈಗಲೂ ಬೇಡಿಕೊಳ್ಳುತ್ತದೆ. ಬೇಡಿಕೊಳ್ಳಲಿ. ನಾನು ಚಪ್ಪಲಿಗೂ ನಿಲ್ಲದೆ ಓಡುತ್ತೇನೆ; ಯಾರಿಗೆ ಏನಾಯಿತೆಂದು ಕೇಳುವುದು ಅಲ್ಲಿ ಮುಟ್ಟಿದ ಮೇಲೆ.