ಗಂಗಣ್ಣನ ಎರಡನೇ ಭಾಗ

ಸೊರಬದ ಬಸ್‌ಸ್ಟ್ಯಾಂಡಿನ ಎದುರು ಯಮುನಮ್ಮನ ಹೋಟೆಲು ನಡೆಯುತ್ತಿದ್ದ ಕಾಲದಲ್ಲಿ ಸಿನಿಮಾ ವಿಷಯಕ್ಕೆ ಗುತ್ಯಪ್ಪ ಹೇಳಿದ್ದೇ ಕೊನೆ. ಅವನಿಗೆ ಎದುರಾಡುವುದಾದರೂ ಯಾವ ಧೈರ್ಯದ ಮೇಲೆ? ಊರವರು ಒಂದು ಸಿನಿಮಾವನ್ನು ಒಂದು ಸಲ ನೋಡಿ, ಮನೆಗೆ ಹೋಗಿ, ಊಟ ಮಾಡಿ ಮರೆಯುವವರು. ಗುತ್ಯಪ್ಪ ಟಾಕೀಸಿನ ಗೇಟ್‌ಕೀಪರ್. ಟಿಕೆಟ್ಟು ಹರಿದು ಒಳಗೆ ಬಿಟ್ಟ ಮೇಲೆ ಬಾಗಿಲ ಪರದೆಗೆ ಒರಗಿ ನಿಂತು, ಒಂದೊಂದು ಸಿನಿಮಾವನ್ನೂ ದಿನಕ್ಕೆ ಮೂರು ಸಲದಂತೆ, ಇಪ್ಪತ್ತೆರಡು ವರ್ಷದಿಂದ ನೋಡುತ್ತಾ ಬಂದವನು. ಐವತ್ತು ತುಂಬುತ್ತಾ ಬಂದಿದ್ದರೂ ತೋಳು ಇನ್ನೂ ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ.

ಆಟೋಟದ ಸಿನಿಮಾಗಳಲ್ಲಿ ಯಾವುದು ಮೇಲು ಅನ್ನುವ ಚರ್ಚೆ ಆ ಹೋಟೆಲಿನಲ್ಲಿ ವರ್ಷಗಟ್ಟಲೆ ನಡೆದಿತ್ತು. ಗುತ್ಯಪ್ಪನ ಲೆಕ್ಕದಲ್ಲಿ ಮೊದಲನೆಯದು ಕಬಡ್ಡಿಯ ‘ಗೆರೆಯಾಚೆ ಗಂಗಣ್ಣ’. ಎರಡನೆಯದು ಕುಸ್ತಿಯ ‘ಕೆಮ್ಮಣ್ಣಿನ ಪೈಲ್ವಾನ’. ಕ್ರಿಕೆಟ್ಟಿನ ಒಂದು ಸಿನಿಮಾ ಬಂದು ಶಿವಮೊಗ್ಗದಲ್ಲಿ ನೂರು ದಿನ ಓಡಿತ್ತು. ಅದನ್ನು ಅವನು ಪಟ್ಟಿಗೇ ಸೇರಿಸುತ್ತಿರಲಿಲ್ಲ.

“ಅದರಾಗೆ ಹೀರೋ ಬ್ಯಾಟು ಹಿಡಿದಿದ್ದಕ್ಕಿಂತ ಹೀರೋಯಿನ್ ಕೈ ಹಿಡಿದಿದ್ದೇ ಜಾಸ್ತಿ ಮಾರಾಯ. ಅದೆಂತ ಆಟದ ಸಿನಿಮಾ?” ಅನ್ನುತ್ತಿದ್ದ. ಯಮುನಮ್ಮ ದೋಸೆ ಮಗುಚುವುದನ್ನು ಬಿಟ್ಟು ನಗುತ್ತಿದ್ದಳು.

‘ಗೆರೆಯಾಚೆ ಗಂಗಣ್ಣ’ ಮೊದಲ ಸ್ಥಾನಕ್ಕೆ ಏರಲು ಇನ್ನೊಂದು ಕಾರಣವಿತ್ತು. ಅದನ್ನು ಗುತ್ಯಪ್ಪ ಹೇಳುತ್ತಿರಲಿಲ್ಲ, ಊರೇ ಹೇಳುತ್ತಿತ್ತು. ಆ ಸಿನಿಮಾದ ಕೊನೆಯಲ್ಲಿ ಗಂಗಣ್ಣ ಎದುರಾಳಿಯ ಅಂಕಣದಲ್ಲಿ ಸಿಕ್ಕಿಬಿದ್ದು, ಕಾಲು ಹಿಡಿಸಿಕೊಂಡು, ದಮ್ಮು ಬಿಡದೆ ತೆವಳಿ ನಡುಗೆರೆ ಮುಟ್ಟಿ ಗೆಲ್ಲುತ್ತಾನೆ. ೧೯೭೪ರ ದಸರೆಯಲ್ಲಿ ಶಿಕಾರಿಪುರದ ಮೈದಾನದಲ್ಲಿ, ಶಿಕಾರಿಪುರದವರ ಮೇಲೆಯೇ, ಗುತ್ಯಪ್ಪ ಗೆದ್ದದ್ದೂ ಹಾಗೆಯೇ. ಮಾರನೆಯ ದಿನ ಟಾಕೀಸಿನ ಯಜಮಾನರು ಕರೆದು ಹಾರ ಹಾಕಿ ಕೆಲಸ ಕೊಟ್ಟರು. ಅಂದಿನಿಂದ ಅವನು ಗೆರೆ ಗುತ್ಯಪ್ಪ. ಹೆಂಡತಿ ವರದಮ್ಮನ ತಂದೆ ಹೆಣ್ಣು ಕೊಟ್ಟದ್ದೂ ಆ ಹೆಸರಿಗೇ. ಒಂದು ಉಸಿರಿನ ಮೇಲೆ ಕಟ್ಟಿದ ಸಂಸಾರ ಅದು.

೧೯೯೬ರಲ್ಲಿ ಆ ಸಿನಿಮಾದ ಎರಡನೇ ಭಾಗ ಬಂತು. ‘ಮತ್ತೆ ಗಂಗಣ್ಣ’.

ಮೊದಲ ದಿನ ಸೊರಬ, ಪಕ್ಕದ ಕುಪ್ಪಗಡ್ಡೆಗಳಿಂದಷ್ಟೇ ಅಲ್ಲ, ಕ್ಯಾಸನೂರಿನ ಕಡೆಯಿಂದಲೂ ಜನ ಬಂದಿದ್ದರು. ಹೊರಗೆ ಬಂದಾಗ ಎಲ್ಲರ ಮುಖ ಗಂಟು. ಯಾಕೆಂದರೆ ಈ ಭಾಗದಲ್ಲಿ ಮುದುಕನಾದ ಗಂಗಣ್ಣನನ್ನು, ಅಂದು ಅವನ ಕಾಲು ಹಿಡಿದಿದ್ದ ಎದುರಾಳಿ ಹುಡುಕಿಕೊಂಡು ಬಂದು ಕೇಳುತ್ತಾನೆ: ಗೆರೆ ಮುಟ್ಟುವ ಮೊದಲೇ ನಿನ್ನ ದಮ್ಮು ಕಡಿದಿತ್ತಲ್ಲವೇ? ಗಂಗಣ್ಣ ಅಳುತ್ತಾ ಹೌದೆನ್ನುತ್ತಾನೆ. ಮುಂದಿನ ಬೆಂಚಿನವರು ಪರದೆಗೆ ಕಡಲೆಸಿಪ್ಪೆ ಎಸೆದಿದ್ದರು.

“ಎರಡನೇ ಭಾಗ ತೆಗೆಯೋದೇ ಪಾಪದ ಕೆಲಸ!” ಅಂದು ಸಂಜೆ ಹೋಟೆಲಿನಲ್ಲಿ ಗುತ್ಯಪ್ಪ ಮೇಜು ಗುದ್ದಿದ. “ಮುಗಿದ ಕಥೆ ಮುಗೀತು. ಗೆದ್ದವ ಗೆದ್ದ. ಅದನ್ನ ಮತ್ತೆ ಕೆದಕೋಕೆ ಇವರಿಗೆ ಹೇಳಿದ್ದು ಯಾರು?”

ಗೊಬ್ಬರದ ಅಂಗಡಿಯ ಗುಮಾಸ್ತ ಸುರೇಂದ್ರ ಒಬ್ಬನೇ ಒಪ್ಪಲಿಲ್ಲ. ಅವನು ಚರ್ಚೆಗಾಗಿಯೇ ಚಹಾ ಕುಡಿಯುವ ಆಸಾಮಿ. “ಅಲ್ಲ ಗುತ್ಯಣ್ಣ, ಆ ಕಾಲು ಹಿಡಿದವನಿಗೂ ಒಂದು ಕಥೆ ಇರೋದಿಲ್ಲನಾ? ಮೊದಲನೇ ಭಾಗದಾಗೆ ಅವನಿಗೆ ಹೆಸರೂ ಇಟ್ಟಿರಲಿಲ್ಲ ಪಾಪ.”

“ಸೋತವನ ಹೆಸರು ತಗಂಡು ಎಂತ ಮಾಡ್ತೀಯ?”

ಎಲ್ಲರೂ ನಕ್ಕರು. ಗುತ್ಯಪ್ಪನೂ ನಕ್ಕ. ಆದರೆ ಆ ದೃಶ್ಯ ಬರುವ ಹೊತ್ತಿಗೆ ಅವನು ಪ್ರತಿ ಆಟದಲ್ಲೂ ಬಾಗಿಲು ಬಿಟ್ಟು ಸೋಡಾ ಕ್ರೇಟುಗಳ ಹಿಂದೆ ಹೋಗಿ ನಿಲ್ಲುತ್ತಿದ್ದ. ಅದನ್ನು ಯಾರೂ ಗಮನಿಸಲಿಲ್ಲ.

ಐದನೆಯ ದಿನ, ಮಂಗಳವಾರದ ಮ್ಯಾಟಿನಿಗೆ ಜನವೇ ಇರಲಿಲ್ಲ. ಗೇಟಿನಲ್ಲಿ ಚಾಚಿದ ಟಿಕೆಟ್ಟನ್ನು ಅಭ್ಯಾಸಬಲದಿಂದ ಹರಿದು, ಅರ್ಧ ವಾಪಸು ಕೊಡುವಾಗ ಗುತ್ಯಪ್ಪನ ಕಣ್ಣು ಆ ಕೈಯ ಮೇಲೆ ಬಿತ್ತು. ದಪ್ಪ ಗೆಣ್ಣು, ಸೊಟ್ಟಗಾದ ಹೆಬ್ಬೆರಳು. ಆ ಹೆಬ್ಬೆರಳಿನ ಹಿಡಿತ ಅವನ ಎಡ ಹಿಮ್ಮಡಿಗೆ ಇಪ್ಪತ್ತೆರಡು ವರ್ಷವಾದರೂ ಮರೆತಿರಲಿಲ್ಲ. ತಲೆ ಎತ್ತಿದ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ನರೆತ ಮೀಸೆ. ಶಿಕಾರಿಪುರದ ಚಂದ್ರಶೇಖರಪ್ಪ.

ಚಂದ್ರಶೇಖರಪ್ಪ ಒಳಗೆ ಹೋಗಿ ನಡುವಿನ ಸಾಲಿನಲ್ಲಿ ಒಬ್ಬನೇ ಕುಳಿತ.

ಶಿಕಾರಿಪುರದಲ್ಲಿ ಟಾಕೀಸಿಲ್ಲವೇ? ಅಲ್ಲಿಗೆ ಈ ಸಿನಿಮಾ ಇನ್ನೂ ಬಂದಿಲ್ಲ, ಸರಿ. ಬರುವ ತನಕ ಕಾಯಬಾರದಿತ್ತೇ? ಅಡಿಕೆ ವ್ಯಾಪಾರದ ಮನುಷ್ಯ ಮಂಗಳವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದು ಇದನ್ನೇ ನೋಡುವುದೆಂದರೆ! ಇಂಟರ್ವಲ್ಲಿನಲ್ಲಿ ಅವನು ಹೊರಗೆ ಬರಲಿಲ್ಲ. ಗುತ್ಯಪ್ಪ ಬಾಗಿಲ ಪರದೆಯ ಸಂದಿಯಿಂದ ಇಣುಕಿದ. ಲೈಟು ಹಾಕಿದ್ದರೂ ಆ ಮನುಷ್ಯ ಖಾಲಿ ಪರದೆಯನ್ನೇ ನೋಡುತ್ತಾ ಕುಳಿತಿದ್ದ. ಕೊನೆಯ ದೃಶ್ಯಕ್ಕೆ ಗುತ್ಯಪ್ಪ ಮತ್ತೆ ಸೋಡಾ ಕ್ರೇಟುಗಳ ಹಿಂದೆ ಹೋದ. ಗಂಗಣ್ಣನ ಅಳು ಗೋಡೆ ದಾಟಿ ಅಲ್ಲಿಗೂ ಕೇಳಿಸಿತು.

ಆಟ ಬಿಟ್ಟ ಮೇಲೆ ಗುತ್ಯಪ್ಪ ನೇರವಾಗಿ ಯಮುನಮ್ಮನ ಹೋಟೆಲಿಗೆ ನಡೆದ. ಅಲ್ಲಿ ತನ್ನ ಜನರಿದ್ದಾರೆ ಅನ್ನುವ ಧೈರ್ಯ. ಎರಡು ನಿಮಿಷಕ್ಕೆ ಚಂದ್ರಶೇಖರಪ್ಪನೂ ಬಂದು ಎದುರಿನ ಬೆಂಚಿನಲ್ಲಿ ಕುಳಿತು ಚಹಾ ಹೇಳಿದ.

ಸುರೇಂದ್ರನಿಗೆ ಹೊಸ ಮುಖ ಕಂಡರೆ ಹಬ್ಬ. “ಸಿನಿಮಾ ನೋಡ್ಕಂಡು ಬಂದ್ರಾ ಯಜಮಾನ್ರೇ? ನೀವೇ ಹೇಳಿ, ಈ ಎರಡನೇ ಭಾಗ ಬೇಕಿತ್ತಾ, ಬೇಡಾಗಿತ್ತಾ? ನಮ್ಮ ಗುತ್ಯಣ್ಣ ಬೇಡವೇ ಬೇಡ ಅಂತಾನೆ.”

“ಸಿನಿಮಾ ಬಗ್ಗೆ ನನಗೇನು ತಿಳಿತೈತ್ರಿ,” ಅಂದ ಚಂದ್ರಶೇಖರಪ್ಪ.

“ಗುತ್ಯಣ್ಣ ಹೇಳಿದ ಮೇಲೆ ಮುಗೀತು ಬಿಡಿ. ಅವನೇ ನಿಜವಾದ ಗಂಗಣ್ಣ!” ಸುರೇಂದ್ರ ಉಮೇದಿನಲ್ಲಿ ಕಥೆಗೆ ತೊಡಗಿದ. ಎರಡೂ ಕಡೆ ಸಮ ಪಾಯಿಂಟು, ಕೊನೇ ರೈಡು, ಗುತ್ಯಣ್ಣನ ಕಾಲು ಸಿಕ್ಕಿಬಿತ್ತು, ಆದರೂ ಬಿಡಿಸಿಕೊಂಡು ಗೆರೆ ಮುಟ್ಟಿದ. “ಅವರ ಕ್ಯಾಚರ್ ಒಬ್ಬನಿದ್ದನಂತೆ, ಉಡ ಹಿಡಿದಂಗೆ ಹಿಡೀತಿದ್ದನಂತೆ. ಅವತ್ತು ಕೈ ಸಡಿಲ ಬಿಟ್ಟ. ಯಾಕೆ ಗೊತ್ತಾ? ಅವನ ಹೆಂಡತಿ ನಮ್ಮ ಕುಪ್ಪಗಡ್ಡೆಯವಳು! ಮಾವನ ಮನೆಯವರಿಗೆ ಬೇಜಾರಾಗಬಾರದು ಅಂತ ಬಿಟ್ಟನಂತೆ. ಶಿಕಾರಿಪುರದವರೇ ಹಂಗಂತಾರೆ.”

ಬೆಂಚಿನ ಮೇಲಿದ್ದವರು ಹೋ ಎಂದು ನಕ್ಕರು. ಗುತ್ಯಪ್ಪ ನಗಲಿಲ್ಲ. ಈ ಮಾತನ್ನು ಅವನು ನೂರು ಸಲ ಕೇಳಿದ್ದ, ಒಮ್ಮೆಯೂ ತಡೆದಿರಲಿಲ್ಲ. ಆ ಮನುಷ್ಯನ ಎದುರಿನಲ್ಲೇ ಕೇಳಿದ್ದು ಇದೇ ಮೊದಲು.

ಚಂದ್ರಶೇಖರಪ್ಪ ಲೋಟವನ್ನು ಕೆಳಗಿಟ್ಟ. “ಆ ಕ್ಯಾಚರ್ ನಾನೇ ತಮ್ಮಾ,” ಅಂದ.

ಸುರೇಂದ್ರ ಬೆಂಚಿನ ತುದಿಗೆ ಸರಿದ. ಯಮುನಮ್ಮನ ಹೆಂಚಿನ ಮೇಲೆ ದೋಸೆ ಸೀದ ವಾಸನೆ ಬಂತು.

“ಹೆದರಬ್ಯಾಡ. ನೀ ಹೇಳಿದ್ದು ನಮ್ಮ ಊರಾಗೂ ಹೇಳ್ತಾರ. ‘ಕಾಲು ಬಿಟ್ಟ ಚಂದ್ರಣ್ಣ’ ಅಂದ್ರ ನನ್ನ ಮನಿ ತೋರಸ್ತಾರ.” ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. “ಮಾವನ ಮನಿ ಸಲುವಾಗಿ ಬಿಟ್ಟೆ ಅಂದ್ರಲ್ಲ, ಅದಕ್ಕ ಅವತ್ತಿಂದ ನಾ ಕುಪ್ಪಗಡ್ಡೆ ಕಡಿ ತಲಿ ಹಾಕಿಲ್ಲ. ಹೆಂಡತಿ ನಿರ್ಮಲನ್ನೂ ಕಳಸಲಿಲ್ಲ. ಮೊದಲ ಮೂರು ವರ್ಷ ಗೌರಿ ಹಬ್ಬಕ್ಕ ಅವರಣ್ಣ ಬಾಗಿನ ಹೊತ್ತುಕೊಂಡು ಬಂದ. ಬಾಗಲದಾಗ ನಿಲ್ಲಿಸಿ ವಾಪಸ್ ಕಳಿಸಿದೆ. ಆಮೇಲೆ ಬರೋದು ಬಿಟ್ಟ. ಆಕಿ ಒಂದು ದಿನಾನೂ ಬೈಲಿಲ್ಲ ನನ್ನ. ಬೈದಿದ್ರ ಚೊಲೋ ಇತ್ತು.”

ಗುತ್ಯಪ್ಪ ಮೇಜಿನ ಮೇಲಿನ ನೀರಿನ ಕಲೆಯನ್ನೇ ನೋಡುತ್ತಿದ್ದ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಆ ಕಾಲದ ಮೈದಾನಗಳಲ್ಲಿ ಸೀಟಿ ಊದಲು ಒಬ್ಬ ಡ್ರಿಲ್ ಮಾಸ್ತರು ಇರುತ್ತಿದ್ದರು, ಅಷ್ಟೇ. ಒಬ್ಬರ ಕಣ್ಣು, ಒಬ್ಬರ ಕಿವಿ ಎಲ್ಲ ಕಡೆ ಇರುವುದು ಸಾಧ್ಯವೇ? ಆದ್ದರಿಂದ ಈ ಸೀಮೆಯ ಕಬಡ್ಡಿಯಲ್ಲಿ ಒಂದು ನಡವಳಿಕೆ ಇತ್ತು. ಔಟಾದವನು ತಾನೇ ಬಲಗೈ ಎತ್ತಬೇಕು. ಎತ್ತಿದ ಕೈಯನ್ನು ಇಳಿಸದೆ ಮೈದಾನದ ಹೊರಗೆ ನಡೆಯಬೇಕು. ಉಗುರು ತಾಗಿದ್ದರೂ ಸರಿ, ದಮ್ಮು ಕಡಿದರೂ ಸರಿ. ಆಡುವವರು ಎದುರಾಳಿಯ ಮೇಲೆ ಅಷ್ಟು ನಂಬಿಕೆ ಇಟ್ಟೇ ಆಡುತ್ತಿದ್ದರು.

“ನಾ ಕಾಲು ಯಾಕ ಬಿಟ್ಟೆ ಅಂದ್ರ,” ಚಂದ್ರಶೇಖರಪ್ಪ ಈಗ ಗುತ್ಯಪ್ಪನನ್ನೇ ನೋಡುತ್ತಿದ್ದ, “ದಮ್ಮು ಕಡಿದಂಗ ಕೇಳಿಸ್ತು. ನೀ ಕಾಲು ಬಿಡಿಸ್ಕೊಳ್ಳಾಕ ನನ್ನ ಮ್ಯಾಲೆ ಬಗ್ಗಿದ್ದಿ, ನಿನ್ನ ಬಾಯಿ ನನ್ನ ಕಿವಿ ಹತ್ರನ ಇತ್ತು. ಕಬಡ್ಡಿ ಕಬಡ್ಡಿ ಅನ್ನೋದು ನಿಂತು, ನೀ ಒಂದು ಉಸಿರು ಎಳಕೊಂಡಿ. ಆಟ ಮುಗೀತು, ಈಗ ಕೈ ಎತ್ತತಾನ, ಇನ್ನ ಯಾಕ ಕಾಲು ಹಿಂಡೋದು ಅಂತ ಬಿಟ್ಟೆ. ನೀ ಮತ್ತ ಕಬಡ್ಡಿ ಅಂದು ಗೆರಿ ಮುಟ್ಟಿದಿ.”

“ಇಷ್ಟು ವರ್ಷ ಆದ ಮೇಲೆ...” ಎಂದು ಯಾರೋ ಗೊಣಗಿದರು. ಯಮುನಮ್ಮ ಸಟ್ಟುಗ ತೋರಿಸಿ ಬಾಯಿ ಮುಚ್ಚಿಸಿದಳು.

“ಜಗಳಕ್ಕ ಬಂದಿಲ್ಲರಿ. ಮೊದಲೆಲ್ಲ ನನಗ ಗಟ್ಟಿ ಇತ್ತು, ಕೇಳಿದ್ದು ಖರೇ ಅಂತ. ಊರೆಲ್ಲ ಸುಳ್ಳು ಸುಳ್ಳು ಅಂದು, ಈಗೀಗ ನನಗ ಅನುಮಾನ ಹತ್ತೈತಿ. ನಿದ್ದಿ ಬರೋದಿಲ್ಲ. ಖರೇನ ಕೇಳಿಸ್ತೋ, ಇಲ್ಲಾ ಮಾವನ ಮನಿ ನೆನಪಾಗಿ ನನ್ನ ಕೈ ತಾನ ಸಡಲಾತೋ?” ಅವನು ಬೆಂಚಿನಿಂದ ಮುಂದಕ್ಕೆ ಬಾಗಿದ. “ನನ್ನ ಕಿವಿ ಸುಳ್ಳು ಹೇಳಿತ್ತೇನು? ಅಷ್ಟು ಹೇಳಿಬಿಡು ಗುತ್ಯಪ್ಪ. ಸುಳ್ಳು ಅಂದ್ರೂ ಸೈ. ಹೋಗಿ ಮಲಗ್ತೀನಿ.”

ಎಲ್ಲರ ಮುಖ ಗುತ್ಯಪ್ಪನ ಕಡೆ ತಿರುಗಿತು. ಅವೆಲ್ಲ ಅವನ ಕಡೆಯ ಮುಖಗಳೇ. ಒಂದೇ ಮಾತು, ‘ಕಿವಿ ಸುಳ್ಳು ಹೇಳಿತ್ತು’ ಅಂದುಬಿಟ್ಟರೆ ಮುಗಿಯಿತು; ಆ ಮನುಷ್ಯ ನಂಬಿಯೂ ನಂಬುತ್ತಾನೆ, ಎದ್ದು ಹೋಗುತ್ತಾನೆ. ಗೆರೆ ಗುತ್ಯಪ್ಪ ಗೆರೆ ಗುತ್ಯಪ್ಪನಾಗಿಯೇ ಸಾಯಬಹುದು. ಇಲ್ಲವೆಂದರೆ ಯಜಮಾನರ ಹಾರ, ಟಾಕೀಸಿನ ಗೇಟು, ವರದಮ್ಮನ ತಂದೆ ಮೆಚ್ಚಿದ ಹೆಸರು, ಎಲ್ಲವೂ ಹುಸಿ. ನಾಳೆಯಿಂದ ಟಿಕೆಟ್ಟು ಚಾಚುವ ಪ್ರತಿ ಕೈಯೂ ಅವನನ್ನು ಅಳೆಯುತ್ತದೆ. ಅವನಿಗೆ ಭಯವಾಯಿತು, ನಿಜವಾದ ಭಯ. ಅಂದು ಮಣ್ಣಿನಲ್ಲಿ ಬಿದ್ದಿದ್ದಾಗ ಆದದ್ದೂ ಇದೇ ಭಯ. ಅಂದೂ ಅವನ ಬಲಗೈ ಏಳಬೇಕೆಂದು ಮಿಸುಕಿತ್ತು. ಸೊರಬದ ಜನ ಗೆರೆಯ ಪಕ್ಕದಲ್ಲೇ ಕೂಗುತ್ತಿದ್ದರು. ಆ ಕೂಗಿಗೆ ಹೆದರಿ ಅದೇ ಕೈಯನ್ನು ಗೆರೆಗೆ ಚಾಚಿಬಿಟ್ಟಿದ್ದ.

“ಹೇಳು ಗುತ್ಯಣ್ಣ, ಹಂಗೇನಿಲ್ಲ ಅಂತ ಹೇಳು,” ಸುರೇಂದ್ರ ಸಣ್ಣ ದನಿಯಲ್ಲಿ ಬೇಡಿದ.

ಗುತ್ಯಪ್ಪ ಎದ್ದು ನಿಂತ. ಮೂರು ಆಟಕ್ಕೂ ಟಾಕೀಸು ನಡುಗುವಂತೆ ಕೂಗುತ್ತಿದ್ದ ಗಂಟಲು ಕೈಕೊಟ್ಟಿತು. ಆಗ ಅವನು ಬಲಗೈ ಎತ್ತಿದ.

ಪೂರಾ ಎತ್ತಿದ. ಎತ್ತಿದ ಕೈ ಇಳಿಸದೆ, ಬೆಂಚುಗಳ ನಡುವೆ, ತನ್ನ ಜನರ ಮುಖಗಳ ಮುಂದೆ ನಡೆದು, ಹೊಸ್ತಿಲು ದಾಟಿ ಹೊರಗೆ ಬಿಸಿಲಿನಲ್ಲಿ ನಿಂತ. ಹಳೆಯ ಆಟಗಾರರಾಗಿದ್ದ ಇಬ್ಬರು ಮೂವರಿಗೆ ಕೂಡಲೇ ಅರ್ಥವಾಯಿತು. ಉಳಿದವರಿಗೆ ಅವರ ಮುಖ ನೋಡಿ ಅರ್ಥವಾಯಿತು. ಸುರೇಂದ್ರ ತಲೆ ತಗ್ಗಿಸಿದ. ಯಮುನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಸೀದ ದೋಸೆಯನ್ನು ಕೆರೆದು ಬಿಸಾಡಿದಳು.

ಚಂದ್ರಶೇಖರಪ್ಪ ಚಹಾವನ್ನು ಪೂರಾ ಕುಡಿದು, ಪಂಚೆ ಸರಿಮಾಡಿಕೊಂಡು ಹೊರಗೆ ಬಂದ. ಗುತ್ಯಪ್ಪ ಹೊಡೆತಕ್ಕೆ ತಯಾರಾದವನಂತೆ ನಿಂತಿದ್ದ. ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ಕೈ ಇಳಸು, ನೋಯತೈತಿ,” ಅಂದ ಚಂದ್ರಶೇಖರಪ್ಪ. ಬಸ್‌ಸ್ಟ್ಯಾಂಡಿನ ಕಡೆ ನೋಡಿದ. ಶಿಕಾರಿಪುರದ ಬೋರ್ಡಿನ ಬಸ್ಸು ಹೊರಡಲು ಗುರುಗುಡುತ್ತಿತ್ತು. ಅವನು ಆ ಕಡೆ ಹೆಜ್ಜೆ ಇಡಲಿಲ್ಲ. “ಕುಪ್ಪಗಡ್ಡೆ ಬಸ್ಸು ಎಷ್ಟೊತ್ತಿಗೈತಿ?”

ಗುತ್ಯಪ್ಪ ಕೈ ಇಳಿಸಿದ. “ಐದೂಕಾಲಿಗೆ,” ಅಂದ. “ಈಗ ಬರ್ತದೆ. ನಾನೂ ಬಂದು ಹತ್ತಿಸ್ತೀನಿ.”

ಫಸ್ಟ್ ಶೋಗೆ ಗೇಟು ತೆರೆಯುವ ಹೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಗುತ್ಯಪ್ಪ ತಡವಾಗಿ ಹೋದದ್ದು ಅದೊಂದೇ ದಿನ. ಇಬ್ಬರೂ ಅಕ್ಕಪಕ್ಕ ನಿಂತರು. ಬಸ್ಸು ಬಂತು, ಒಳಗೆ ಕುಪ್ಪಗಡ್ಡೆಯ ಜನವೇ ತುಂಬಿದ್ದರು. ಚಂದ್ರಶೇಖರಪ್ಪ ಮೆಟ್ಟಿಲು ಹತ್ತಿ, ಎಲ್ಲಿ ಕೂರುವುದೆಂದು ತಿಳಿಯದೆ, ಹೊಸ ಅಳಿಯನ ಹಾಗೆ ಕಂಬಿ ಹಿಡಿದು ನಿಂತುಬಿಟ್ಟ.

ಗುತ್ಯಪ್ಪನ ಗಂಟಲು ಆಗ ಮರಳಿ ಬಂತು. ಬಸ್ಸಿನ ಕಿಟಕಿಗಳ ಪಕ್ಕ ನಿಂತು, ಕೊನೆಯ ಸೀಟಿನವರಿಗೂ ಕೇಳುವಂತೆ ಕೂಗಿದ:

“ಕಂಡಕ್ಟ್ರೇ, ಕುಪ್ಪಗಡ್ಡೆಗೆ ಒಂದು ಸೀಟು ಕೊಡಿ! ಆ ಊರ ಅಳಿಯ ಇವರು. ಎಪ್ಪತ್ನಾಲ್ಕರಲ್ಲಿ ನನ್ನನ್ನ ಔಟ್ ಮಾಡಿದವರು!”